ಏಳು ಚೀಟಿ, ಒಂದೇ ತಪ್ಪು

ರೇವತಿ ಬೀಗದ ಕೈ ಕೊಡಲು ಒಪ್ಪಲಿಲ್ಲ. ರೇಣುಕಪ್ರಸಾದ್ ಪೆಟ್ಟಿಗೆಯ ತಳದ ಮೊಳೆಗಳನ್ನೇ ಕೀಳಿಸಿ, ಒಳಗಿದ್ದ ಏಳು ಚೀಟಿಗಳನ್ನು ಪ್ರಿನ್ಸಿಪಾಲರ ಮೇಜಿನ ಮೇಲೆ ಸುರಿದರು.

"ನೋಡಿ ಸರ್, ಇದೇ ಇವರ ಆಪ್ತ ಸಮಾಲೋಚನೆ. ಕಾಲೇಜಿನಲ್ಲೊಬ್ಬ ಕುಡುಕ ಓಡಾಡ್ತಿದ್ದಾನೆ ಅಂತ ಹುಡುಗರು ಚೀಟಿ ಹಾಕ್ತಿದ್ದಾರಂತೆ, ಇವರು ಪೆಟ್ಟಿಗೆಗೆ ಬೀಗ ಹಾಕಿ ಕಾಯ್ತಿದ್ದಾರೆ."

ರೇವತಿ ಚಿಕ್ಕಮಗಳೂರಿನಿಂದ ಪ್ರತಿ ಬುಧವಾರ ಮೂಡಿಗೆರೆಯ ಈ ಕಾಲೇಜಿಗೆ ಬರುವ ಸಮಾಲೋಚಕಿ. ಹೇಳಿಕೊಳ್ಳಲಾಗದ್ದನ್ನು ಹೆಸರಿಲ್ಲದೆ ಬರೆದು ಹಾಕಿ ಎಂದು ಲೈಬ್ರರಿಯ ಪಕ್ಕ ಆ ಪೆಟ್ಟಿಗೆ ತೂಗುಹಾಕಿದವಳು ಅವಳೇ. ಕನ್ನಡ ಉಪನ್ಯಾಸಕರೂ ಶಿಸ್ತು ಸಮಿತಿಯ ಅಧ್ಯಕ್ಷರೂ ಆದ ರೇಣುಕಪ್ರಸಾದರಿಗೆ ಅದನ್ನು ಕಂಡರೆ ಮೈಯೆಲ್ಲ ಉರಿ. ತಮ್ಮ ಕಾಲದಲ್ಲಿ ಹುಡುಗರಿಗೆ ಮನಸ್ಸು ಎಂಬುದೇ ಇರಲಿಲ್ಲ, ಬೆತ್ತವಿತ್ತು, ಅದರಿಂದಲೇ ಎಲ್ಲರೂ ಉದ್ಧಾರವಾದರು ಎಂದು ಅವರು ಬೀಳ್ಕೊಡುಗೆ ಭಾಷಣದಲ್ಲೂ ಹೇಳುತ್ತಿದ್ದರು.

ಬೆಳಿಗ್ಗೆ ಒಂಬತ್ತೂವರೆ. ಡಿಸೆಂಬರಿನ ಚಳಿ. ಗುಮಾಸ್ತೆ ಸರೋಜಮ್ಮ ಮೂರು ಲೋಟ ಕಾಫಿ ತಂದಿಟ್ಟರು. ಹಬೆಗೆ ಪ್ರಿನ್ಸಿಪಾಲ್ ಮಲ್ಲಿಕಾರ್ಜುನಪ್ಪನವರ ಕನ್ನಡಕ ಮಂಜಾಯಿತು. ರೇಣುಕಪ್ರಸಾದ್ ತಮ್ಮ ಪಾಲಿನ ಲೋಟವನ್ನು ಪಕ್ಕಕ್ಕೆ ಸರಿಸಿದರು. ತಮ್ಮ ಹೊಟ್ಟೆಗೆ ಹಾಲು ಆಗದು, ಬರೀ ಡಿಕಾಕ್ಷನ್ನೇ ಸೈ ಎಂದು ಅವರು ಮನೆಯಿಂದ ಫ್ಲಾಸ್ಕ್ ತರುತ್ತಿದ್ದರು. ಮುಚ್ಚಳದ ತುಂಬ ಬಗ್ಗಿಸಿಕೊಂಡು, ಒಂದೇ ಗುಟುಕಿಗೆ ಮುಗಿಸಿ, ಬಾಯಿಗೊಂದು ಏಲಕ್ಕಿ ಹಾಕಿಕೊಂಡರು.

"ಕರೀರಿ ಆ ದಿಲೀಪನ್ನ."

ದಿಲೀಪ ಅಂತಿಮ ಬಿ.ಎ. ಹುಡುಗ. ಅವನ ಅಪ್ಪ ಬಾಳೂರಿನ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವನು, ಕುಡಿದು ಕುಡಿದೇ ಸತ್ತ. ಬೇವಿನ ಬೀಜ ಬಿತ್ತಿದ ಮೇಲೆ ಮಾವು ಎಲ್ಲಿಂದ ಬರಬೇಕು? ಹುಡುಗ ಪೆಟ್ಟಿಗೆಯ ಹತ್ತಿರ ಸುಳಿದಾಡುವುದನ್ನು ವಾಚ್‌ಮನ್ ನಾಗೇಶ ನೋಡಿದ್ದ. ಕ್ಲಾಸಿನಲ್ಲಿ ಪುಸ್ತಕ ಬಿಟ್ಟು ಮೇಷ್ಟ್ರ ಮುಖವನ್ನೇ ದಿಟ್ಟಿಸುತ್ತಾನೆ, ನೋಡಿದರೆ ಕಣ್ಣು ತಗ್ಗಿಸುತ್ತಾನೆ. ಸಾಲದ್ದಕ್ಕೆ ನಿನ್ನೆ ಅವನ ಬ್ಯಾಗಿನಲ್ಲಿ ಕುಡಿತ ಬಿಡಿಸುವ ಕೇಂದ್ರವೊಂದರ ಕರಪತ್ರ ಸಿಕ್ಕಿತ್ತು. ಕುಡಿಯದವನಿಗೆ ಅದೇಕೆ ಬೇಕು?

ಟಿ.ಸಿ. ಸಿದ್ಧವಾಗಿತ್ತು. ಅದನ್ನು ಬರೆದವರು ಸರೋಜಮ್ಮ. ಈಚೆಗೆ ರೇಣುಕಪ್ರಸಾದ್ ಬರೆಯುವ ಕೆಲಸವನ್ನೆಲ್ಲ ಇನ್ನೊಬ್ಬರಿಂದಲೇ ಮಾಡಿಸುತ್ತಿದ್ದರು, ಬೋರ್ಡಿಗೂ ಹುಡುಗರನ್ನೇ ಕರೆಯುತ್ತಿದ್ದರು. ಅಧ್ಯಕ್ಷರೆಂದರೆ ಅಷ್ಟು ಗತ್ತು ಬೇಡವೇ? ಪ್ರಿನ್ಸಿಪಾಲರ ಸಹಿಯೊಂದು ಬಿದ್ದರೆ ಪರೀಕ್ಷೆಗೆ ಆರು ವಾರ ಇರುವಾಗ ಹುಡುಗ ಬೀದಿಗೆ ಬೀಳುತ್ತಿದ್ದ.

ದಿಲೀಪ ಬಂದು ಬಾಗಿಲ ಬಳಿ ನಿಂತ.

"ಏನ್ ಮಾರಾಯ, ಆ ಕರಪತ್ರ ಯಾರಿಗೆ?" ಎಂದರು ರೇಣುಕಪ್ರಸಾದ್.

"ಒಬ್ರಿಗೆ ಬೇಕಿತ್ತು ಸರ್."

"ಯಾರಿಗೆ?"

ಅವನು ಮೇಜಿನ ಮೇಲಿದ್ದ ಫ್ಲಾಸ್ಕನ್ನೋ ಚೀಟಿಗಳನ್ನೋ ನೋಡುತ್ತ ನಿಂತ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ," ಎಂದು ರೇಣುಕಪ್ರಸಾದ್ ಫ್ಲಾಸ್ಕನ್ನು ತಮ್ಮ ಕಡೆಗೆ ಎಳೆದುಕೊಂಡರು.

"ನಮ್ಮಪ್ಪಂಗೂ ಹೀಗೇ ಶುರುವಾಗಿದ್ದು ಸರ್," ಎಂದ ದಿಲೀಪ ಮೆಲ್ಲಗೆ. "ಎಲ್ರಿಗೂ ಗೊತ್ತಿತ್ತು. ಯಾರೂ ಮಾತಾಡ್ಲಿಲ್ಲ."

"ಕೇಳಿದ್ರಾ ಸರ್? ಒಪ್ಕೊಂಡ."

"ಅವ್ನು ಏನೂ ಒಪ್ಕೊಂಡಿಲ್ಲ," ಎಂದಳು ರೇವತಿ. "ಸಹಿ ಹಾಕೋ ಮುಂಚೆ ಚೀಟೀಲಿ ಏನಿದೆ ಅಂತಾದ್ರೂ ಓದ್ಬಹುದಲ್ಲ."

"ಓದೋಣಂತೆ, ಅದಕ್ಕೇನು." ರೇಣುಕಪ್ರಸಾದ್ ಒಂದು ಚೀಟಿ ಎತ್ತಿಕೊಂಡು, ಅದು ಅಲುಗದ ಹಾಗೆ ಮೊಣಕೈಗಳನ್ನು ಮೇಜಿಗೆ ಊರಿ, ಹೊಲಸು ಮುಟ್ಟಿದವರಂತೆ ಮುಖ ಮಾಡಿ ಓದಿದರು. "'ನಮ್ಮ ಕಾಲೇಜಿನ ಒಬ್ಬರು ಬೆಳಿಗ್ಗೆಯೇ ಕುಡಿದು ಬರುತ್ತಾರೆ. ಕೈ ನಡುಗುತ್ತದೆ. ಶಿಕ್ಷೆ ಬೇಡ, ಯಾರಾದರೂ ಅವರ ಹತ್ತಿರ ಮಾತಾಡಿ. ಅವರು ಒಳ್ಳೆಯವರು.'"

ಎರಡನೆಯದು ಓದಿದರು. ಮೂರನೆಯದು. ಹೀಗೇ ಏಳೂ ಮುಗಿದವು. ಕೈಬರಹ ಬೇರೆ ಬೇರೆ, ಸಂಗತಿ ಒಂದೇ. ಓದುತ್ತ ಓದುತ್ತ ಅವರಿಗೆ ನಗು ಬಂತು.

"ಸಮಾಲೋಚನೆ ಆಮೇಲೆ ಮಾಡಿಸಿ ಸರ್, ಮೊದಲು ವ್ಯಾಕರಣ ಕಲಿಸೋಣ. ಕುಡಿಯೋನು ಒಬ್ಬ. 'ಒಬ್ಬ ಬರುತ್ತಾನೆ' ಅಂತ ಬರೀಬೇಕು. ಇವರು 'ಒಬ್ಬರು ಬರುತ್ತಾರೆ' ಅಂತಾರೆ. ಏಳಕ್ಕೆ ಏಳು ಚೀಟೀಲೂ ಇದೇ ತಪ್ಪು. ಮೂರು ವರ್ಷ ಬಾಯಿ ಒಣಗಿಸ್ಕೊಂಡು ಪಾಠ ಮಾಡಿದ್ದು ನೀರಲ್ಲಿ ಹೋಮ ಮಾಡಿದ ಹಾಗಾಯ್ತು. ಸ್ನೇಹಿತನನ್ನ ಕಾಪಾಡೋಕೆ ಹೊರಟ ದಡ್ಡರಿಗೆ ಏಕವಚನ ಯಾವುದು, ಬಹುವಚನ ಯಾವುದು ಅನ್ನೋದೇ ಗೊತ್ತಿಲ್ಲ."

ಮಲ್ಲಿಕಾರ್ಜುನಪ್ಪನವರು ನಗಲಿಲ್ಲ. ಸಹಿಗೆಂದು ತೆಗೆದಿದ್ದ ಪೆನ್ನಿಗೆ ಕ್ಯಾಪು ಹಾಕಿದರು. ಮೇಜಿನ ಮೇಲಿನ ಮೂರು ಲೋಟಗಳು ಇನ್ನೂ ಹಬೆಯಾಡುತ್ತಿದ್ದವು. ರೇಣುಕಪ್ರಸಾದ್ ಫ್ಲಾಸ್ಕಿನಿಂದ ಮತ್ತೊಮ್ಮೆ ಮುಚ್ಚಳಕ್ಕೆ ಬಗ್ಗಿಸಿದರು. ಅದರಿಂದ ಹಬೆ ಏಳಲಿಲ್ಲ.

ದಿಲೀಪ ಒಳಗೆ ಬಂದ ಮೇಲೆ ಮೊದಲ ಸಲ ಕಣ್ಣೆತ್ತಿ ಅವರನ್ನು ನೋಡಿದ.

"ಅದು ತಪ್ಪಲ್ಲ ಸರ್. ಓರಗೆಯವರಿಗೆ ಏಕವಚನ, ಮೇಷ್ಟ್ರಿಗೆ ಬಹುವಚನ ಅಂತ ನೀವೇ ಹೇಳ್ಕೊಟ್ಟಿದ್ದು."