ಎಡಗಡೆ ಹಿಡಿದ ಕುಂಕುಮದ ತಟ್ಟೆ

ತಿಪಟೂರಿನ ಒಂದು ಬೀದಿಯಲ್ಲಿ ಅಕ್ಕಪಕ್ಕದ ಮನೆಗಳಲ್ಲಿ ಇಬ್ಬರು ವಾರಗಿತ್ತಿಯರಿದ್ದರು. ದೊಡ್ಡವಳು ಸರ್ವಮಂಗಳ... ಚಿಕ್ಕವಳು ಪ್ರಮೀಳ, ಅವಳನ್ನು ಅಕ್ಕ ಎನ್ನುತ್ತಿದ್ದಳು.

ಒಬ್ಬರ ಬಾಣಂತನ ಇನ್ನೊಬ್ಬರು ಮಾಡಿದವರು. ಒಂದು ಮನೆಯ ಸಾರು ಇನ್ನೊಂದು ಮನೆಗೆ ಕಾಂಪೌಂಡ್ ಮೇಲಿಂದಲೇ ಹೋಗುತ್ತಿತ್ತು.

ಪ್ರಮೀಳಳ ಮಗಳ ಸೀಮಂತದ ದಿನ ಅದೆಲ್ಲ ನಿಂತಿತು.

ಊಟವಾಗಿತ್ತು. ಹಾಲ್ ತುಂಬ ಹಾಡು, ನಗು... ಹೊರಡುವ ಹೆಂಗಸರಿಗೆ ಪ್ರಮೀಳ ಅರಿಶಿನ ಕುಂಕುಮ ಕೊಡುತ್ತ ಬಂದಳು. ಅಂಥ ಹೊತ್ತಿನಲ್ಲಿ ಯಾರೂ ಬಾಯಿಬಿಟ್ಟು "ತಗೊಳ್ಳಿ" ಅನ್ನುವುದಿಲ್ಲ. ತಟ್ಟೆ ಹಿಡಿದರೆ ಸಾಕು.

ಅಕ್ಕನ ಎಡಗಡೆ ನಿಂತು ತಟ್ಟೆ ಹಿಡಿದಳು.

ಸರ್ವಮಂಗಳ ತಿರುಗಿಯೂ ನೋಡಲಿಲ್ಲ. ಸ್ವಲ್ಪ ಹೊತ್ತು ನೆಟ್ಟಗೆ ಕೂತಿದ್ದವಳು ಎದ್ದು ನಡೆದೇಬಿಟ್ಟಳು. ಸೆರಗು ತಗಲಿ ತಟ್ಟೆ ವಾಲಿತು... ಬೀಗರ ಕಣ್ಣೆದುರೇ ಕುಂಕುಮ ಸದ್ದಿಲ್ಲದೆ ನೆಲಕ್ಕೆ ಚೆಲ್ಲಿತು.

ಬೀಗಿತ್ತಿ ಮೆಲ್ಲಗೆ ಕೇಳಿದರು, "ಅವರಿಗೂ ನಿಮಗೂ ಆಗಲ್ವೇನ್ರೀ?"

ಪ್ರಮೀಳ ಆ ರಾತ್ರಿ ಊಟ ಮಾಡಲಿಲ್ಲ.

ಅಕ್ಕ ಬಂದು ಕೇಳಲಿ ಎಂದು ಇವಳು ಕಾದಳು. ತಾನೂ ಹೋಗಲಿಲ್ಲ, ಅಕ್ಕನೂ ಬರಲಿಲ್ಲ.

ಬದಲಿಗೆ, ಬೆಳಿಗ್ಗೆ ನಲ್ಲಿ ನೀರಿಗೆ ಬರುವಾಗ ಪ್ರಮೀಳಳ ರಂಗೋಲಿಯನ್ನು ತುಳಿದುಕೊಂಡೇ ಹೋದಳು. ಮತ್ತೊಂದು ದಿನ ಬಾಗಿಲಲ್ಲಿ ಒಣಗಲು ಇಟ್ಟಿದ್ದ ಸಂಡಿಗೆಗೇ ಕಾಲಿಟ್ಟಳು.

"ನೋಡಿದ್ರಾ ಸೊಕ್ಕು?" ಪ್ರಮೀಳ ಬೀದಿಯವರಿಗೆಲ್ಲ ಹೇಳಿದಳು. "ಅಕ್ಕಿಯಲ್ಲಿರೋ ಕಲ್ಲು ಕಾಣುತ್ತೆ ಮಹಾರಾಣಿಗೆ, ಮನುಷ್ಯರು ಕಾಣಲ್ಲ."

ಎಲ್ಲರೂ ನಕ್ಕರು. ಆ ಮಾತು ಅಕ್ಕನ ಕಿವಿಗೂ ಬಿತ್ತು...

ಎರಡು ಗೌರಿ ಹಬ್ಬ ಹಾಗೇ ಕಳೆದವು.

ಒಂದು ದಿನ ಪಕ್ಕದಿಂದ ಬಂದ ಸ್ಕೂಟರ್ ಕಾಣದೆ ಸರ್ವಮಂಗಳ ರಸ್ತೆಯಲ್ಲಿ ಬಿದ್ದಳು. ಗಾಯಕ್ಕೆ ಹೊಲಿಗೆ ಹಾಕಿದ ಡಾಕ್ಟರು ಮೊದಲು ಕಣ್ಣು ತೋರಿಸಿ ಎಂದರು. ಅವಳ ಗಂಡ ಜ್ವರದಲ್ಲಿ ಮಲಗಿದ್ದರು.

"ನೀನೇ ಒಸಿ ಜೊತೇಲಿ ಹೋಗಮ್ಮ ಪ್ರಮೀಳ," ಎಂದರು.

ಭಾವನ ಮಾತು ಮೀರಲಾಗದೆ ಹೋದಳು. ಕಣ್ಣಿನ ಆಸ್ಪತ್ರೆಯಲ್ಲಿ ನಡುವೆ ಒಂದು ಕುರ್ಚಿ ಖಾಲಿ ಬಿಟ್ಟು ಕೂತಳು.

ಒಳಗೆ ಡಾಕ್ಟರು ಸರ್ವಮಂಗಳಳ ಎದುರಿಗೆ ಕೂತರು. "ನನ್ನ ಮೂಗನ್ನೇ ನೋಡ್ತಾ ಇರಿ ಅಮ್ಮ." ಅವಳ ಎಡಗಡೆಗೆ ಕೈ ಚಾಚಿ ಬೆರಳು ಆಡಿಸಿದರು.

"ಬೆರಳು ಕಾಣುತ್ತಾ?"

"ಯಾವ ಬೆರಳು ಸಾರ್?"

ಕೈ ಇನ್ನಷ್ಟು ಒಳಗೆ ತಂದರು. "ಈಗ?"

"ನೀವಿನ್ನೂ ಕೈ ಎತ್ತೇ ಇಲ್ವಲ್ಲ..."

ಹಿಂದೆ ನಿಂತಿದ್ದ ಪ್ರಮೀಳ ಆ ಕೈಯನ್ನೇ ನೋಡಿದಳು.

ಡಾಕ್ಟರ ಕೈ ಇದ್ದದ್ದು... ಅವತ್ತು ಅವಳ ಕುಂಕುಮದ ತಟ್ಟೆ ಇದ್ದ ಜಾಗದಲ್ಲೇ.

ಉಳಿದ ಪರೀಕ್ಷೆಗಳೂ ಮುಗಿದ ಮೇಲೆ ಡಾಕ್ಟರು ಹೇಳಿದರು, "ಗ್ಲಾಕೋಮಾ. ಕಣ್ಣಿನ ಪ್ರೆಶರ್ ಜಾಸ್ತಿಯಾಗಿ ನರ ಸಾಯ್ತಾ ಬಂದಿದೆ. ನೋವಿರಲ್ಲ, ಎದುರಿಗಿರೋದು ಚೆನ್ನಾಗೇ ಕಾಣುತ್ತೆ. ಅಕ್ಕಪಕ್ಕದ ನೋಟ ಮೊದಲು ಹೋಗುತ್ತೆ. ಹೋಗಿದ್ದು ವಾಪಸ್ ಬರಲ್ಲಮ್ಮ. ಉಳಿದಿರೋ ಇಷ್ಟನ್ನ ಡ್ರಾಪ್ಸ್ ಹಾಕಿ ಉಳಿಸ್ಕೊಳ್ಳೋಕೆ ನೋಡೋಣ."

"ಎರಡು ವರ್ಷ ಮೊದಲೇ ಬಂದಿದ್ರೆ...?" ಪ್ರಮೀಳ ಕೇಳಿದಳು.

"ತುಂಬ ಉಳೀತಿತ್ತು. ಕಾಲು ತಗಲೋದು, ಪಕ್ಕದಲ್ಲಿ ನಿಂತೋರು ಕಾಣದೇ ಇರೋದು... ಮನೇಲಿ ಯಾರೂ ಗಮನಿಸಲಿಲ್ವಾ?"



ಪ್ರಮೀಳ ಎಲ್ಲವನ್ನೂ ಗಮನಿಸಿದ್ದಳು. ಬೀದಿಗೆಲ್ಲ ಹೇಳಿದ್ದಳು ಕೂಡ... ಅಕ್ಕನೊಬ್ಬಳನ್ನು ಬಿಟ್ಟು.

ಆಟೋದಲ್ಲಿ ಅವಳೇ ಬಾಯಿಬಿಟ್ಟಳು. "ಅಕ್ಕ, ಸೀಮಂತದ ದಿನ ನಾನು ನಿನ್ ಪಕ್ಕದಲ್ಲೇ ತಟ್ಟೆ ಹಿಡ್ಕೊಂಡು ನಿಂತಿದ್ದೆ."

ಸರ್ವಮಂಗಳ ಪೂರ್ತಿ ಅವಳ ಕಡೆಗೆ ತಿರುಗಿದಳು.

"ನಿಂತಿದ್ಯಾ...? ಎಲ್ರಿಗೂ ಕೊಟ್ಟು ನನಗೊಬ್ಬಳಿಗೆ ಕೊಡ್ಲಿಲ್ಲ ಅನ್ಕೊಂಡೆ. ಕಾದು ಕಾದು ಎದ್ದು ಬಂದೆ. ಬಚ್ಚಲಲ್ಲಿ ಕೂತು ಅತ್ತಿದ್ದೀನಿ ಕಣೇ."

"ಒಂದ್ ಮಾತು ಕೇಳ್ಬಾರ್ದಿತ್ತಾ ಅಕ್ಕ?"

"ನೀನು ಕೇಳ್ದ್ಯಾ?"

ಮನೆ ಬಂದಾಗ ಪ್ರಮೀಳ ಮೊದಲು ಇಳಿದು, ಅಕ್ಕನ ಕೈ ಹಿಡಿದು ಇಳಿಸಿಕೊಂಡಳು.

ಈ ವರ್ಷದ ಗೌರಿ ಹಬ್ಬಕ್ಕೆ ಪ್ರಮೀಳ ಕುಂಕುಮದ ತಟ್ಟೆ ಹಿಡಿದು ಅಕ್ಕನ ಮನೆಗೆ ಹೋದಳು. ಪಕ್ಕದಲ್ಲಿ ನಿಲ್ಲಲಿಲ್ಲ. ಅಕ್ಕನ ಎದುರಿಗೆ ನೆಲದ ಮೇಲೆ ಕೂತು ತಟ್ಟೆ ಎತ್ತಿ ಹಿಡಿದಳು. "ತಗೋ ಅಕ್ಕ," ಎಂದು ಬಾಯಿಬಿಟ್ಟು ಹೇಳಿದಳು.

ಸರ್ವಮಂಗಳಳ ಬೆರಳು ಮೊದಲು ತಟ್ಟೆಯ ಅಂಚಿಗೆ ತಗಲಿತು... ಆಮೇಲೆ ಕುಂಕುಮ ಸಿಕ್ಕಿತು.

"ಈಗ ಕಾಣ್ತೀಯ," ಎಂದಳು. ಕುಂಕುಮ ಇಟ್ಟುಕೊಂಡು ಇನ್ನೊಂದು ಮಾತು ಸೇರಿಸಿದಳು. "ನನಗೆ ಕಣ್ಣು ಕಾಣೋಷ್ಟು ದಿನ ಬರ್ತಾ ಇರು."

ಪ್ರಮೀಳ ತಲೆಯಾಡಿಸಿದಳು. ಅದು ಅಕ್ಕನಿಗೆ ಕಂಡಿತೋ ಇಲ್ಲವೋ ಎಂದು ಅನುಮಾನವಾಗಿ, "ಹ್ಞೂಂ ಅಕ್ಕ," ಎಂದಳು.

*

ಅವರು ನಮ್ಮನ್ನು ನೋಡಲಿಲ್ಲ ಎಂದು ಮುನಿಸಿಕೊಳ್ಳುವ ಮೊದಲು, ನಾವು ಅವರಿಗೆ ಕಂಡೆವಾ ಎಂದು ಒಮ್ಮೆ ಕೇಳಬೇಕು.

ನಿಮ್ಮ ಮನೆಯಲ್ಲಿ ಇತ್ತೀಚೆಗೆ ಯಾರ ಕಾಲು ಹೊಸ್ತಿಲಿಗೆ ತಗಲುತ್ತಿದೆ...? ಆಗ ನೀವು ಅವರಿಗೆ ಏನು ಹೇಳಿದಿರಿ?