ಹೆಚ್ಚಾದ ಗಾಜು

ಬಳೆ ವ್ಯಾಪಾರಿಯೊಬ್ಬ ನೂರಹತ್ತು ವರ್ಷದ ಹಿಂದೆ ಗಾರೆ, ತೇಗದ ತೊಲೆಗಳಿಂದ ಕಟ್ಟಿಸಿದ ಮಹಡಿ ಅಂಗಡಿ ಅದು. ಅಲ್ಲಿ ‘ಒಡೆಯಿತು’ ಎನ್ನುವುದು ಅಪಶಕುನ. ಬಳೆ ಚೂರಾದರೂ ‘ಹೆಚ್ಚಾಯ್ತು’ ಎಂದೇ ಹೇಳಬೇಕು.

ಗೋಡೆ ಬಿರುಕು ಬಿಟ್ಟಾಗ ಪರವೂರಿನ ಎಂಜಿನಿಯರ್ ಬಂದ. ಬಿರುಕಿಗೆ ಅಡ್ಡಲಾಗಿ ಒಂದು ಗಾಜಿನ ಪಟ್ಟಿ ಅಂಟಿಸಿ, ಮಿಕ್ಕ ಪಟ್ಟಿಗಳನ್ನು ಗಲ್ಲಾದ ಮೇಲಿಟ್ಟ.

“ಗೋಡೆ ಜರುಗಿದ್ರೆ ಈ ಗಾಜು ಒಡೆಯುತ್ತೆ. ತಕ್ಷಣ ಫೋನ್ ಮಾಡಿ. ಜನರನ್ನ ಆಚೆ ಕಳಿಸಬೇಕೋ ಬೇಡ್ವೋ ಹೇಳ್ತೀನಿ.”

“ಬಿಡ್ತು ಅನ್ನಿ ಸಾರ್!” ಅಂಗಡಿಯ ಯಜಮಾನಿ ಬೆಚ್ಚಿದಳು.

ಮೂರನೆಯ ದಿನ ಮದುವೆ ಬಳೆ ತೊಡಲು ಇಪ್ಪತ್ತು ಹೆಂಗಸರು ಬಂದಿಳಿದರು. ಅದೇ ಹೊತ್ತಿಗೆ ಗೋಡೆಯಲ್ಲಿ ಟಕ್ ಎಂದು ಸದ್ದಾಯಿತು. ಪಟ್ಟಿ ಎರಡು ಹೋಳಾಗಿತ್ತು. ಯಜಮಾನಿ ಎಂಜಿನಿಯರಿಗೆ ಫೋನ್ ಮಾಡಿದಳು.

“ಸಾರ್, ನಿಮ್ಮ ಗಾಜು ಹೆಚ್ಚಾಯ್ತು!”

“ಗೊತ್ತಮ್ಮ. ಮಿಕ್ಕಿದ್ದನ್ನ ಒಂದ್ಕಡೆ ಎತ್ತಿಡಿ, ಸೋಮವಾರ ಬಂದು ತಗೊಂಡು ಹೋಗ್ತೀನಿ.”

“ಮದುವೆಯವರು ಬಂದವ್ರೆ. ಮಹಡಿಗೆ ಕಳಿಸ್ಲಾ?”

“ಅದಕ್ಯಾಕೆ ಯೋಚನೆ? ಕಳಿಸಿ.”

ಯಜಮಾನಿ ನಿಟ್ಟುಸಿರು ಬಿಟ್ಟು ಮದುಮಗಳ ಕಡೆ ತಿರುಗಿದಳು.

“ಹತ್ತು ತಾಯಿ, ಬಲಗಾಲಿಟ್ಟು ಹತ್ತು.”