ಮೂರನೆಯ ರಿಟರ್ನ್

ಮಿನಾಜ್ ಈ ಸಲವೂ ಸುಳ್ಳು ಹೇಳಿ ಹೊರಟಳು. “ಜರಿ ದಾರ ತರಾಕ ಹೋಗ್ತೀನಿ ಅಮ್ಮೀ, ನಿಮ್ದು ಮುಗಿಯೋದ್ರಾಗ ಬಂದುಬಿಡ್ತೀನಿ” ಎಂದು ಅತ್ತೆಯನ್ನು ರಾಯಚೂರಿನ ಡಯಾಲಿಸಿಸ್ ಕೇಂದ್ರದ ಬೆಂಚಿನ ಮೇಲೆ ಕೂರಿಸಿದಳು. ಆದರೆ ದಾರದ ಅಂಗಡಿಗಳಿರುವ ಕಡೆ ತಿರುಗಲಿಲ್ಲ. ಎದುರು ದಿಕ್ಕಿನ ಆಟೊ ಹತ್ತಿದಳು.

ಅತ್ತೆ ಹಸೀನಾ ಬೇಗಂ ಕಿಟಕಿಯಿಂದ ನೋಡಿದರು. ಅಂದು ಯಂತ್ರ ಕೆಟ್ಟು ಅವರ ಸರದಿ ತಡವಾಗಿತ್ತು. ಕಾಲು ಬಾತಿದ್ದವು, ನಾಲ್ಕು ಹೆಜ್ಜೆಗೆ ಉಸಿರು ಕಟ್ಟುತ್ತಿತ್ತು. ಆದರೂ ಬುರ್ಖಾ ಸರಿಪಡಿಸಿಕೊಂಡು ಇನ್ನೊಂದು ಆಟೊ ಹಿಡಿದರು.

ಮಗ ಮುನ್ನಾ ಲಾರಿ ಅಪಘಾತದಲ್ಲಿ ಹೋದ ಮೇಲೆ ಮಾನ್ವಿಯ ಮನೆಯಲ್ಲಿ ಉಳಿದವರು ಅತ್ತೆ, ಸೊಸೆ ಇಬ್ಬರೇ. ಮಕ್ಕಳಾಗಿರಲಿಲ್ಲ. ಮಿನಾಜ್ ದುಪಟ್ಟಾಗಳಿಗೆ ಜರಿ ಕೆಲಸ ಮಾಡಿ ಆನ್‌ಲೈನಿನಲ್ಲಿ ಮಾರುತ್ತಿದ್ದಳು. ಅದರಲ್ಲೇ ಮನೆ ನಡೆಯಬೇಕು, ಅತ್ತೆಯ ಔಷಧಿಯೂ ಬರಬೇಕು. ಈ ವಯಸ್ಸಿನ ಹುಡುಗಿ ಎಷ್ಟು ದಿನ ಇಲ್ಲಿ ಇದ್ದಾಳು? ಹಸೀನಾ ಅವರನ್ನು ಆ ಭಯ ಒಳಗೊಳಗೇ ತಿನ್ನುತ್ತಿತ್ತು. ದೇವದುರ್ಗಕ್ಕೆ ಕೊಟ್ಟ ಮಗಳು ಕಹಕಶಾನ್‌ಗೆ ಶುಗರ್. ಬಂದು ನೋಡಿಕೊಳ್ಳುವುದು ಅವಳಿಂದಾಗದು. ಫೋನಿನಲ್ಲಿ ಮಾತ್ರ ದಿನವೂ ಎಚ್ಚರಿಸುತ್ತಿದ್ದಳು: “ಅಕಿ ಮ್ಯಾಲ ಒಂದು ಕಣ್ಣಿಡ್ರಿ ಅಮ್ಮೀ.”

ಮುಂದಿನ ಆಟೊ ತೀನ್ ಕಂದೀಲ್ ವೃತ್ತದ ಹತ್ತಿರ ನಿಂತಿತು. ಮಿನಾಜ್ ಹತ್ತಿದ ಮೆಟ್ಟಿಲ ಪಕ್ಕದಲ್ಲಿ ತೆರಿಗೆ ಸಲಹೆಗಾರರ ಬೋರ್ಡಿತ್ತು. ಹಸೀನಾ ಗೋಡೆ ಹಿಡಿದು ಹತ್ತಿ, ಬಾಗಿಲ ಪರದೆಯ ಈಚೆ ನಿಂತರು.

ಒಳಗೆ ಸಲಹೆಗಾರ್ತಿ ಶೈಲಜಾ ತಿಳಿಸಿ ಹೇಳುತ್ತಿದ್ದಳು. “ಮಾರಿದ್ದೆಲ್ಲಾ ಆದಾಯ ಅಲ್ರೀ ಮಿನಾಜ್. ಬಟ್ಟಿ, ದಾರ, ಕೊರಿಯರ್, ಆ್ಯಪ್‌ನವರು ಹಿಡ್ಕೊಳ್ಳೋ ಕಮಿಷನ್, ಎಲ್ಲಾ ಕಳದು ಉಳಿದದ್ದು ಆದಾಯ. ನಿಮ್ದು ಮಿತಿ ಒಳಗ ಅದ. ತೆರಿಗಿ ಬರಂಗಿಲ್ಲ. ರಿಟರ್ನ್ ಹಾಕೋ ಜರೂರತ್ತೇ ಇಲ್ಲ ಅಂತ ಹ್ವಾದ ವರ್ಷನೂ ಹೇಳಿದ್ದೆ.”

“ಹಾಕ್ರಿ ಮೇಡಂ. ಇದ್ದದ್ದು ಇದ್ದಂಗ. ಮುಚ್ಚೋದೂ ಬ್ಯಾಡ, ಹೆಚ್ಚು ತೋರ್ಸೋದೂ ಬ್ಯಾಡ.”

“ಬ್ಯಾಂಕ್ ಸಾಲಕ್ಕೇನು?”

“ಅಲ್ರಿ. ನನ್ನ ದುಡಿಮಿ ಮ್ಯಾಲ ನಾ ನಿಂತೀನಿ, ಯಾರ ಹಂಗಿನ್ಯಾಗೂ ಇಲ್ಲ ಅಂತ ಗೊತ್ತಾಗಬೇಕಂತ. ಮೂರು ವರ್ಷದ್ದು ಕೇಳ್ಯಾರ. ಇದು ಮೂರನೇದು.”

“ಯಾರು ಕೇಳ್ಯಾರ?”

ಮಿನಾಜ್ ಎದುರಿನ ಕಾಗದಗಳನ್ನು ಜೋಡಿಸಿಕೊಂಡಳು. “ದೊಡ್ಡವರು. ಪಕ್ಕಾ ಆಗೋ ತನಕ ಮನ್ಯಾಗ ಹೇಳಾಂಗಿಲ್ರಿ.”

ಹಸೀನಾ ಕೇಂದ್ರಕ್ಕೆ ಮರಳಿ ಏನೂ ಕಾಣದವರಂತೆ ಕುಳಿತರು. ಸೊಸೆ ಬಂದಾಗ ಅವಳ ಕೈಯಲ್ಲಿ ದಾರದ ಪೊಟ್ಟಣವಿತ್ತು.

ಡಯಾಲಿಸಿಸ್ ಮುಗಿಸಿ ಮನೆ ಮುಟ್ಟಿದ್ದೇ ಮಗಳಿಗೆ ಫೋನ್ ಮಾಡಿ ಎಲ್ಲ ಹೇಳಿದರು. ಹಿಂದಿನ ತಿಂಗಳು ಮಿನಾಜ್‌ಳ ಮೊಣಕೈ ಮಡಿಕೆಯ ಮೇಲೆ ಹತ್ತಿ ಅಂಟಿಸಿದ್ದನ್ನೂ ಹೇಳಿದರು. ಕೇಳಿದಾಗ ‘ಸೂಜಿ ಚುಚ್ಚಿತು’ ಎಂದಿದ್ದಳು.

“ಇನ್ನೇನು ಬೇಕು ಅಮ್ಮೀ?” ಎಂದಳು ಕಹಕಶಾನ್. “ಗಂಡಿನ ಕಡಿಯೋರು ಈಗ ಎಲ್ಲಾ ನೋಡ್ತಾರ. ಗಳಿಕಿನೂ, ರಕ್ತ ಪರೀಕ್ಷಿನೂ.”

ಮರುದಿನ ಬೆಳಿಗ್ಗೆ ಹಸೀನಾ ಸೊಸೆಯ ಬ್ಯಾಗನ್ನು ಹೊಸ್ತಿಲ ಬಳಿ ತಂದಿಟ್ಟರು. “ಕಲ್ಲೂರಿಗೆ ಹೋಗು, ನಿಮ್ಮಣ್ಣನ ಮನಿಗೆ. ನಿಖಾ ಅಲ್ಲೇ ಆಗಲಿ.”

“ಯಾವ ನಿಖಾ ಅಮ್ಮೀ?”

“ನಾ ಎಲ್ಲಾ ಕೇಳೀನಿ. ನನ್ನ ಮಗನ ಮನ್ಯಾಗ ಕುಂತು ಮೂರು ವರ್ಷದಿಂದ ತಯಾರಿ ನಡೆಸೀದಿ.”

ಮಿನಾಜ್ ಬ್ಯಾಗನ್ನು ಪಕ್ಕಕ್ಕೆ ಸರಿಸಿದಳು. “ಒಂದು ತಿಂಗಳು ತಡೀರಿ. ಆಮ್ಯಾಲೆ ನೀವು ಹೋಗು ಅಂದ್ರ ಹೋಗ್ತೀನಿ.”

“ತಡದು ಸಾಕಾಗ್ಯದ.”

ಅವಳು ಅಳಲಿಲ್ಲ. ವಾರದ ಮಾತ್ರೆಗಳನ್ನು ಡಬ್ಬಿಗೆ ತುಂಬಿದಳು. ಅತ್ತೆ ಅಂದು ಕುಡಿಯಬಹುದಾದಷ್ಟೇ ನೀರನ್ನು ಅಳೆದು ಬಾಟಲಿಯಲ್ಲಿಟ್ಟಳು. ಆಮೇಲೆ ಬ್ಯಾಗು ಎತ್ತಿಕೊಂಡು ಬಸ್‌ಸ್ಟ್ಯಾಂಡಿನತ್ತ ನಡೆದಳು. ಹಸೀನಾ ಬಾಗಿಲು ಹಾಕಿಕೊಂಡರು. ಸಂಜೆಯಾದರೂ ದೀಪ ಹಾಕಲು ಮನಸ್ಸಾಗಲಿಲ್ಲ. ತಾವೇ ಕಳಿಸಿದವಳ ಹೆಜ್ಜೆ ಸಪ್ಪಳಕ್ಕೆ ಕಿವಿ ಕಾಯುತ್ತಿತ್ತು.

ಮುಂದಿನ ಸರದಿಗೆ ಕಹಕಶಾನ್ ದೇವದುರ್ಗದಿಂದ ಬಂದು ತಾಯಿಯನ್ನು ರಾಯಚೂರಿಗೆ ಕರೆತಂದಳು. ಕೇಂದ್ರದ ಡಾಕ್ಟರ್ ಶಿವರಾಜ ಇಬ್ಬರನ್ನೂ ನಗುತ್ತಲೇ ಒಳಗೆ ಕರೆದರು.

“ಮಿನಾಜ್ ಎಲ್ಲಿ? ಅಕಿ ಕೊಟ್ಟ ಕಾಗದ ಎಲ್ಲಾ ಸರಿ ಅವ ಅಂತ ಸಮಿತಿಯೋರು ಹೇಳ್ಯಾರ.”

“ಅಕಿ ಇಲ್ರಿ. ನಾನೇ ತವರಿಗೆ ಕಳಿಸೀನಿ. ಇನ್ನ ಬರಾಂಗಿಲ್ಲ” ಎಂದರು ಹಸೀನಾ. “ಯಾವ ಸಮಿತಿ ಡಾಕ್ಟ್ರೇ?”

ಡಾಕ್ಟರರ ನಗು ಮಾಸಿತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಒಪ್ಪಿಗಿ ಕೊಡೋ ಸರ್ಕಾರಿ ಸಮಿತಿ. ಮೊದಲನೇ ಸಲ ಅಕಿ ಅರ್ಜಿ ವಾಪಸ್ ಬಂದಿತ್ತು. ರಕ್ತ ಸಂಬಂಧ ಇಲ್ಲ, ಗಂಡ ಇಲ್ಲ, ಗಳಿಕಿಗೆ ಸಾಕ್ಷಿ ಇಲ್ಲ, ದುಡ್ಡಿನ ಸಲುವಾಗಿ ಮಾರಾಕತ್ತಿರಬೇಕು ಅಂದ್ರು. ಅದಕ್ಕ ಪಾಪ, ಮೂರು ವರ್ಷ ರಿಟರ್ನ್ ಹಾಕಿದ್ಳು. ನಿಮಗ ಗೊತ್ತಾದ್ರ ಬ್ಯಾಡ ಅಂತೀರಿ ಅಂತ ನನ್ನ ಬಾಯಿನೂ ಕಟ್ಟಿದ್ಳು. ಬರೋ ವಾರ ನಿಮ್ಮನ್ನ ಕರೀತಾರ. ಸೊಸಿ ನಿಮ್ಮ ಮನ್ಯಾಗ ಪ್ರೀತಿಲೆ ಇದ್ದಾಳೋ ಇಲ್ಲೋ ಅಂತ ಕೇಳ್ತಾರ.”

ಹಸೀನಾ ಅವರಿಗೆ ಏನೂ ಅರ್ಥವಾಗಲಿಲ್ಲ. ಮಗಳ ಕೈ ಹಿಡಿದುಕೊಂಡರು. “ಏನು ಮಾರಾಕತ್ತಾಳ ಅಂದ್ರು? ದುಪಟ್ಟಾ ಏನು?”

“ಕಿಡ್ನಿ, ಯವ್ವಾ. ನಿಮಗ ಕೊಡಬೇಕಂತ ಮಾಡಿದ್ದ ಅಕಿ ಕಿಡ್ನಿ.”